ಲಂಚದ ಸಿಟ್ಟು, ಕೊಲೆಯ ತೀರ್ಪು

1912ರ ಜುಲೈ 16, ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತು. ನ್ಯೂಯಾರ್ಕಿನ ಮೆಟ್ರೊಪೋಲ್ ಹೋಟೆಲಿನಲ್ಲಿದ್ದ ಹರ್ಮನ್ ರೋಸೆಂಥಾಲ್‌ನ ಕೈಯಲ್ಲಿ ಆಗಷ್ಟೇ ಕೊಂಡ ಪತ್ರಿಕೆಗಳು. ಮುಖಪುಟದಲ್ಲಿ ಅವನದೇ ಸುದ್ದಿ. ಜೂಜಿನ ಅಡ್ಡೆ ನಡೆಸುತ್ತಿದ್ದ ಆತ, ಅದರಲ್ಲಿ ಪೊಲೀಸ್ ಲೆಫ್ಟಿನೆಂಟ್ ಚಾರ್ಲ್ಸ್ ಬೆಕರ್‌ಗೂ ಪಾಲಿದೆ ಎಂದು ಪ್ರಮಾಣ ಮಾಡಿ ಹೇಳಿದ್ದನ್ನು ‘ವರ್ಲ್ಡ್’ ಪತ್ರಿಕೆ ಎರಡು ದಿನದ ಹಿಂದೆ ಅಚ್ಚು ಹಾಕಿತ್ತು. ಹೊರಗೆ ಬಾ ಎಂದು ಯಾರೋ ಕರೆದರು. ಬಾಗಿಲು ದಾಟುತ್ತಲೇ ಗುಂಡುಗಳು ಹಾರಿದವು. ಕೊಲೆಗಾರರ ಕಾರಿನ ನಂಬರನ್ನು ಸರಿಯಾಗಿ ನೋಡಿಕೊಂಡು ಠಾಣೆಗೆ ಬಂದು ತಿಳಿಸಿದ ದಾರಿಹೋಕನನ್ನು ಪೊಲೀಸರು ಲಾಕಪ್ಪಿಗೆ ತಳ್ಳಿದರು.

ಊರಿಗೆ ಇನ್ನೇನು ಬೇಕಿತ್ತು? ಜೂಜುಕೋರರನ್ನು ಹಿಡಿಯಬೇಕಾದ ಅಧಿಕಾರಿಯೇ ಅವರಿಂದ ಮಾಮೂಲು ವಸೂಲಿ ಮಾಡುತ್ತಿದ್ದ. ಬ್ಯಾಂಕುಗಳಲ್ಲಿ ಅವನಿಟ್ಟ ಹಣಕ್ಕೂ ಸಂಬಳಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಕರ್ ಮೇಲಿದ್ದದ್ದು ಲಂಚದ ಮೊಕದ್ದಮೆಯಲ್ಲ, ಕೊಲೆ ಮಾಡಿಸಿದ ಮೊಕದ್ದಮೆ.

ಅದಕ್ಕೆ ಸಾಕ್ಷಿ ಹೇಳಿದವರು ಯಾರು? ಬಂದೂಕಿನವರನ್ನು ಗೊತ್ತು ಮಾಡಿದ ಜ್ಯಾಕ್ ರೋಸ್ ಮತ್ತು ಅವನ ಸಂಗಡಿಗರು. ಬೆಕರ್ ಹೇಳಿದ್ದಕ್ಕೇ ಮಾಡಿದೆವು ಎಂದ ಅವರಿಗೆ ಡಿಸ್ಟ್ರಿಕ್ಟ್ ಅಟಾರ್ನಿ ಚಾರ್ಲ್ಸ್ ವಿಟ್‌ಮನ್ ಶಿಕ್ಷೆಯಿಂದ ರಕ್ಷಣೆ ಕೊಟ್ಟಿದ್ದ. ನಮ್ಮ ಕೋರ್ಟುಗಳ ಮಾತಿನಲ್ಲಿ ಇವರು ಮಾಫಿ ಸಾಕ್ಷಿಗಳು. ಕೃತ್ಯದಲ್ಲಿ ಪಾಲುಗೊಂಡವರ ಮಾತೊಂದನ್ನೇ ನಂಬಿ ಶಿಕ್ಷಿಸುವಂತಿಲ್ಲ, ಹೊರಗಿನ ಪುರಾವೆಯ ಬೆಂಬಲ ಬೇಕು ಎಂಬುದು ನ್ಯೂಯಾರ್ಕಿನ ಕಾನೂನು. ತನ್ನ ಕುತ್ತಿಗೆ ಉಳಿಸಿಕೊಳ್ಳಲು ಇನ್ನೊಬ್ಬನದನ್ನು ತೋರಿಸುವುದು ಎಷ್ಟು ಸುಲಭ ಎಂಬುದನ್ನು ಅರಿತೇ ಮಾಡಿದ ನಿಯಮ ಅದು. ಆ ಬೆಂಬಲಕ್ಕೆಂದು ಸರ್ಕಾರಿ ಪಕ್ಷ ತಂದದ್ದು ರೋಸ್‌ನ ಗೆಳೆಯ ಸ್ಯಾಮ್ ಶೆಪ್ಸ್‌ನನ್ನು. ಹಾರ್ಲೆಮ್‌ನಲ್ಲಿ ಬೆಕರ್ ಮತ್ತು ರೋಸ್ ಮಾತಾಡುತ್ತಿದ್ದುದನ್ನು ಅವನು ದೂರದಿಂದ ನೋಡಿದನಂತೆ. ಮಾತು ಮಾತ್ರ ಕೇಳಿಸಲಿಲ್ಲವಂತೆ. ಇಷ್ಟು ತೆಳುವಾದ ಎಳೆಯ ಮೇಲೆ ಒಂದು ಜೀವ ನೇತಾಡಿತು.

1912ರ ಅಕ್ಟೋಬರಿನಲ್ಲಿ ಜ್ಯೂರಿ ಬೆಕರ್‌ನನ್ನು ಅಪರಾಧಿ ಎಂದಿತು. 1914ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು: ನ್ಯಾಯಾಧೀಶ ಜಾನ್ ಗಾಫ್ ನಡೆಸಿದ ವಿಚಾರಣೆ ನಿಷ್ಪಕ್ಷಪಾತವಾಗಿರಲಿಲ್ಲ. ಪತ್ರಿಕೆಗಳು ಬೆಕರ್‌ನ ಹೆಸರನ್ನು ದಿನವೂ ಜಾಲಾಡುತ್ತಿದ್ದ ಕಾಲದಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು.

ಅದು ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀಬರಿ ಮುಂದೆ ಎರಡನೇ ವಿಚಾರಣೆ, ಶೆಪ್ಸ್‌ನ ಜಾಗಕ್ಕೆ ಹೊಸ ಸಾಕ್ಷಿ, ಮತ್ತೆ ಮರಣದಂಡನೆ. ಈ ಸಲ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬೆಕರ್ ಕೊಲೆ ಮಾಡಿಸಿದನೇ ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಉಳಿದದ್ದು ಗವರ್ನರ್‌ನ ಕ್ಷಮಾದಾನ. ಆದರೆ ಈ ಮೊಕದ್ದಮೆಯಿಂದಲೇ ಹೆಸರು ಮಾಡಿ, 1914ರ ನವೆಂಬರಿನ ಚುನಾವಣೆಯಲ್ಲಿ ಗವರ್ನರ್ ಆಗಿ ಗೆದ್ದಿದ್ದವನು ವಿಟ್‌ಮನ್. ಮರಣದಂಡನೆಯೇ ಆಗಲಿ ಎಂದು ವಾದಿಸಿದವನ ಮುಂದೆಯೇ ಜೀವಭಿಕ್ಷೆಯ ಅರ್ಜಿ! ಆತ ಒಪ್ಪಲಿಲ್ಲ. 1915ರ ಜುಲೈ 30ರಂದು ಸಿಂಗ್ ಸಿಂಗ್ ಜೈಲಿನ ವಿದ್ಯುತ್ ಕುರ್ಚಿಯಲ್ಲಿ ಬೆಕರ್ ಸತ್ತ. ಗಂಡನನ್ನು ಕೊಂದವನು ಗವರ್ನರ್ ವಿಟ್‌ಮನ್ ಎಂದು ಕೆತ್ತಿಸಿದ ಬೆಳ್ಳಿಯ ಫಲಕವನ್ನು ಹೆಂಡತಿ ಹೆಲೆನ್ ಶವಪೆಟ್ಟಿಗೆಗೆ ಹಾಕಿಸಿದ್ದಳು. ಮಾನಹಾನಿಯ ಮೊಕದ್ದಮೆ ಹೂಡುತ್ತೇವೆಂದು ಎಚ್ಚರಿಸಿ ಪೊಲೀಸರು ಅದನ್ನು ತೆಗೆಸಿದರು.