ಖಾಲಿ ಜಾಗದ ಲೆಕ್ಕ: ವರ್ಚುವಲ್ ಸರ್ವರ್ ಕ್ಲಸ್ಟರ್‌ಗಳಲ್ಲಿ ಲಭ್ಯತೆ ಮತ್ತು ಹೊರೆ ಹಂಚಿಕೆ

2006ರಲ್ಲಿ ವಿಎಂವೇರ್ ಸಂಸ್ಥೆಯ ಇನ್‌ಫ್ರಾಸ್ಟ್ರಕ್ಚರ್ 3 ಬಂದಾಗ ಅದರೊಡನೆ ಎರಡು ಸೌಲಭ್ಯಗಳು ಜೊತೆಯಾಗಿಯೇ ಬಂದವು. ಹೋಸ್ಟ್ (ವರ್ಚುವಲ್ ಯಂತ್ರಗಳನ್ನು ಓಡಿಸುವ ಭೌತಿಕ ಸರ್ವರ್) ಕೆಟ್ಟುನಿಂತರೆ ಅದರ ಮೇಲಿದ್ದ ವರ್ಚುವಲ್ ಯಂತ್ರಗಳನ್ನು ಉಳಿದ ಹೋಸ್ಟ್‌ಗಳಲ್ಲಿ ಮತ್ತೆ ಚಾಲೂ ಮಾಡುವುದು ಎಚ್‌ಎ. ಹೋಸ್ಟ್‌ಗಳ ನಡುವೆ ಹೊರೆ ಸರಿತೂಗಿಸುವುದು ಡಿಆರ್‌ಎಸ್. ಬಳಕೆದಾರರು ಇವನ್ನು ಎರಡು ಪ್ರತ್ಯೇಕ ಗುಂಡಿಗಳೆಂಬಂತೆ ಒತ್ತುತ್ತಾರೆ. ಎರಡೂ ಕೈಹಾಕುವುದು ಮಾತ್ರ ಒಂದೇ ಉಗ್ರಾಣಕ್ಕೆ, ಅಂದರೆ ಹೋಸ್ಟ್‌ಗಳ ಗುಂಪಾದ ಕ್ಲಸ್ಟರ್‌ನಲ್ಲಿ ಉಳಿದಿರುವ ಖಾಲಿ ಜಾಗಕ್ಕೆ ಎಂಬುದು ಈ ಲೇಖನದ ವಾದ.

ಮೊದಲು ಒಂದು ತಪ್ಪುಕಲ್ಪನೆ ಕಳೆಯಬೇಕು. ಹೋಸ್ಟ್ ಸತ್ತಾಗ ಯಂತ್ರಗಳು 'ಸ್ಥಳಾಂತರ'ವಾಗುವುದಿಲ್ಲ. ಚಾಲೂ ಇರುವ ಯಂತ್ರವನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವ ವಿಮೋಷನ್‌ಗೆ ಎರಡೂ ಕಡೆಯ ಹೋಸ್ಟ್‌ಗಳು ಬದುಕಿರಬೇಕು. ಎಚ್‌ಎ ಮಾಡುವುದು ಬರೀ ಮರುಪ್ರಾರಂಭ. ಮೆಮೊರಿಯಲ್ಲಿದ್ದದ್ದು ಹೋಯಿತೆಂದೇ ಲೆಕ್ಕ. ಡೇಟಾಬೇಸ್ ಯಂತ್ರದ ಮಟ್ಟಿಗೆ ಅದು ಕರೆಂಟು ಹೋಗಿ ಬಂದಂತೆ.

ಹಳೆಯ ಎಚ್‌ಎ ಲೆಗಾಟೊ ಮೂಲದ ಎಎಎಂ ತಂತ್ರಾಂಶದ ಮೇಲೆ ನಿಂತಿತ್ತು. ಅದರಲ್ಲಿ ಪ್ರೈಮರಿ ಹೋಸ್ಟ್‌ಗಳು ಹೆಚ್ಚೆಂದರೆ 5. ಕ್ಲಸ್ಟರ್‌ಗೆ ಮೊದಲು ಸೇರಿದವುಗಳಿಗೇ ಆ ಪಟ್ಟ. ಬ್ಲೇಡ್ ಸರ್ವರ್‌ಗಳನ್ನು ಚಾಸಿ ಎಂಬ ಪೆಟ್ಟಿಗೆಯಲ್ಲಿರುವ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತ ಹೋದರೆ ಐದೂ ಪ್ರೈಮರಿಗಳು ಒಂದೇ ಚಾಸಿಯಲ್ಲಿ ಕೂರುತ್ತಿದ್ದವು. ಆ ಚಾಸಿ ಹೋದರೆ ಉಳಿದ ಹೋಸ್ಟ್‌ಗಳೆಲ್ಲ ನೆಟ್ಟಗಿದ್ದರೂ ಮರುಪ್ರಾರಂಭಕ್ಕೆ ಆಜ್ಞೆ ಕೊಡುವವರಿಲ್ಲ! ಒಂದು ಚಾಸಿಯಲ್ಲಿ ಒಂದೇ ಕ್ಲಸ್ಟರ್‌ನ ನಾಲ್ಕಕ್ಕಿಂತ ಹೆಚ್ಚು ಹೋಸ್ಟ್ ಇಡಬಾರದೆಂಬ ರೂಢಿ ಹುಟ್ಟಿದ್ದು ಹೀಗೆ. ಇನ್‌ಫ್ರಾಸ್ಟ್ರಕ್ಚರ್‌ನ ಮುಂದಿನ ರೂಪವಾದ ವಿಸ್ಫಿಯರ್‌ನ 2011ರ 5.0 ಆವೃತ್ತಿಯಲ್ಲಿ ಎಎಎಂ ಜಾಗಕ್ಕೆ ಎಫ್‌ಡಿಎಂ ಬಂದು, ಚುನಾಯಿತ ಮಾಸ್ಟರ್ ಒಂದಿದ್ದರೆ ಸಾಕು, ಅದು ಬಿದ್ದರೆ ಬೇರೊಂದು ಗೆದ್ದುಬರುತ್ತದೆ ಎಂಬ ಪದ್ಧತಿ ನೆಲೆಗೊಂಡಿತು. ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೌನವಾದಾಗ ಹೋಸ್ಟ್ ಸತ್ತಿದೆಯೋ ಬರೀ ಒಂಟಿಯಾಗಿದೆಯೋ ಎಂದು ಹೋಸ್ಟ್‌ಗಳು ಹಂಚಿಕೊಂಡ ಸಂಗ್ರಹವಾದ ಡೇಟಾಸ್ಟೋರ್ ಮೂಲಕವೂ ನಾಡಿ ನೋಡುವ ವ್ಯವಸ್ಥೆ ಸೇರಿತು.

ಇಷ್ಟಾದರೂ ಜಾಗದ ಪ್ರಶ್ನೆ ಬಗೆಹರಿಯಲಿಲ್ಲ. ತಲಾ 128 ಜಿಬಿ ಮೆಮೊರಿಯ 4 ಹೋಸ್ಟ್‌ಗಳಿವೆ ಎನ್ನೋಣ. ಹೋಸ್ಟ್ ಬಿದ್ದರೂ ಜಾಗ ಉಳಿಯಲೆಂದು ಎಷ್ಟು ಯಂತ್ರಗಳಿಗೆ ಅನುಮತಿ ಕೊಡಬೇಕೆಂದು ಎಚ್‌ಎ ಮೊದಲೇ ಎಣಿಸುತ್ತದೆ. ಅದರ ಸ್ಲಾಟ್ ನೀತಿಯಲ್ಲಿ, ಒಂದು ಯಂತ್ರಕ್ಕೆ ಖಾತ್ರಿಯಾಗಿ ತೆಗೆದಿಟ್ಟ ಅತಿ ದೊಡ್ಡ ಮೀಸಲೇ ಎಲ್ಲರ ಅಳತೆಗೋಲು. ಅದು 2 ಜಿಬಿ ಆಗಿದ್ದರೆ, ಹೈಪರ್‌ವೈಸರ್‌ನ ಪಾಲನ್ನೂ ಸಿಪಿಯುವನ್ನೂ ಬದಿಗಿಟ್ಟು, ಹೋಸ್ಟ್‌ಗೆ 64 ಸ್ಲಾಟ್. ಒಂದು ಹೋಸ್ಟ್‌ನಷ್ಟು ಜಾಗ ಬಿಟ್ಟರೂ 192 ಯಂತ್ರಗಳಿಗೆ ಅನುಮತಿ. ಯಾರೋ ಒಬ್ಬರು ಒಂದೇ ಒಂದು ಯಂತ್ರಕ್ಕೆ 16 ಜಿಬಿ ಮೀಸಲಿಟ್ಟರೆ ಹೋಸ್ಟ್‌ಗೆ ಬರೀ 8 ಸ್ಲಾಟ್, ಒಟ್ಟು 24. ಉಳಿದ ಮೆಮೊರಿ ಕಣ್ಣೆದುರೇ ಇದ್ದರೂ ಹೊಸ ಯಂತ್ರ ಚಾಲೂ ಆಗದು.

2016ರ ವಿಸ್ಫಿಯರ್ 6.5ರಲ್ಲಿ ಸ್ಲಾಟ್ ಎಣಿಸುವ ಬದಲು ಕ್ಲಸ್ಟರ್‌ನ ಒಟ್ಟು ಸಂಪನ್ಮೂಲದ ಇಂತಿಷ್ಟು ಪಾಲನ್ನು ಕಾದಿಡುವ ಶೇಕಡಾವಾರು ನೀತಿಯೇ ಡಿಫಾಲ್ಟ್ ಆಯಿತು. ಪೋಲು ತಪ್ಪಿತು, ಆದರೆ ಇನ್ನೊಂದು ಕಾಟ ಎದ್ದಿತು. ಮೇಲಿನ ಕ್ಲಸ್ಟರ್‌ನಲ್ಲಿ ಒಂದು ಹೋಸ್ಟ್ ಬಿದ್ದು, ಉಳಿದ ಮೂರರಲ್ಲಿ ತಲಾ 10 ಜಿಬಿ ಬಾಕಿಯಿದೆ ಎನ್ನೋಣ. ಲೆಕ್ಕದಲ್ಲಿ 30 ಜಿಬಿ ಇದೆ. 16 ಜಿಬಿ ಮೀಸಲಿನ ಯಂತ್ರಕ್ಕೆ ಮಾತ್ರ ಜಾಗವಿಲ್ಲ. ಪಂಕ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಖಾಲಿಯಿದ್ದರೂ ಒಟ್ಟಿಗೆ ಬಂದ ಮನೆಯವರು ನಿಂತೇ ಇರುವಂತೆ. ಹೊರೆಯನ್ನು ಸಮನಾಗಿ ಹರಡುತ್ತಿದ್ದ ಡಿಆರ್‌ಎಸ್ ಖಾಲಿ ಜಾಗವನ್ನೂ ತೆಳುವಾಗಿ ಹರಡುತ್ತಿತ್ತು ಎಂಬುದನ್ನು ಮರೆಯಬಾರದು. 2020ರ ವಿಸ್ಫಿಯರ್ 7.0ರಿಂದ ಅದು ಹೋಸ್ಟ್‌ಗಳ ಸಮತೋಲನ ಬಿಟ್ಟು ಪ್ರತಿ ಯಂತ್ರಕ್ಕೂ ಬೇಕಾದದ್ದು ಸಿಕ್ಕಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುತ್ತದೆ. ಇದು ಒಳ್ಳೆಯ ತಿದ್ದುಪಡಿಯೇ, ಆದರೆ ಚದುರಿದ ಜಾಗಕ್ಕೆ ಮದ್ದಲ್ಲ.

ಇಂಥ ಹೊತ್ತಿನಲ್ಲಿ ಸಣ್ಣ ಯಂತ್ರಗಳನ್ನು ಅತ್ತಿತ್ತ ಸರಿಸಿ ಜಾಗ ಕೂಡಿಸಿಕೊಡು ಎಂದು ಎಚ್‌ಎ ಡಿಆರ್‌ಎಸ್‌ನ ಮೊರೆಹೋಗುತ್ತದೆ. ಡಿಆರ್‌ಎಸ್ ಮ್ಯಾನ್ಯುಯಲ್ ಸ್ಥಿತಿಯಲ್ಲಿದ್ದರೆ ಸಲಹೆ ಮಾತ್ರ ಬರುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ಓದುವವರು ಯಾರು? ಇನ್ನೂ ಒಂದು ತೊಡಕಿದೆ. ಯಂತ್ರಗಳನ್ನು ಎಬ್ಬಿಸಲು ಎಚ್‌ಎಗೆ ಕ್ಲಸ್ಟರ್ ನಿರ್ವಹಿಸುವ ತಂತ್ರಾಂಶವಾದ ವಿಸೆಂಟರ್ ಬೇಕಿಲ್ಲ, ಡಿಆರ್‌ಎಸ್ ನಡೆಯಲು ವಿಸೆಂಟರ್ ಬೇಕೇಬೇಕು. ವಿಸೆಂಟರ್ ಸಹ ಬಹುಪಾಲು ಕಡೆ ಅದೇ ಕ್ಲಸ್ಟರ್‌ನ ಒಂದು ವರ್ಚುವಲ್ ಯಂತ್ರ. ಅದು ಬಿದ್ದ ಹೋಸ್ಟ್‌ನಲ್ಲೇ ಇದ್ದಿದ್ದರೆ, ಅದು ಎದ್ದು ಕೂರುವವರೆಗೆ ಜಾಗ ಕೂಡಿಸುವವರಿಲ್ಲ. ಆದ್ದರಿಂದ ಕ್ಲಸ್ಟರ್ ನೋಡಿಕೊಳ್ಳುವವರು ಮರುಪ್ರಾರಂಭದ ಆದ್ಯತಾಪಟ್ಟಿಯನ್ನು ಇಂದೇ ತೆರೆದು, ವಿಸೆಂಟರ್ ಎಷ್ಟನೆಯ ಸಾಲಿನಲ್ಲಿದೆ ಎಂದು ನೋಡಿಕೊಳ್ಳುವುದು ಒಳಿತು.