ಇನ್‌ಕಾಗ್ನಿಟೋ ಟ್ಯಾಬ್ ಮುಚ್ಚಿದರೆ ನೋಡಿದ್ದೆಲ್ಲ ಅಳಿಸಿಹೋಗುತ್ತದೆಯೇ?

ಸಾರಾಂಶ

ಇನ್‌ಕಾಗ್ನಿಟೋ ಟ್ಯಾಬ್ ಮುಚ್ಚಿದ ಕೂಡಲೇ ಎಲ್ಲವೂ ಅಳಿಸಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. ಬ್ರೌಸರ್ ಹಿಸ್ಟರಿಯಲ್ಲಿ ಅದು ಉಳಿಯುವುದಿಲ್ಲ, ನಿಜ. ಆದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯುವಿನ ಮೆಮೊರಿಯಲ್ಲಿ ಅದರ ಕುರುಹು ಸ್ವಲ್ಪ ಕಾಲ ಉಳಿಯಬಹುದು. ಹಾಗೆಂದು ಯಾರು ಬೇಕಾದರೂ ಅದನ್ನು ಕದಿಯಬಹುದು ಎಂದು ಹೆದರುವುದೂ ಸರಿಯಲ್ಲ.

ಮಾಹಿತಿ ಏಕೆ ಉಳಿಯುತ್ತದೆ?

ಶಾಲೆಯ ಕಪ್ಪು ಹಲಗೆಯನ್ನು ನೆನಪಿಸಿಕೊಳ್ಳಿ. ಗಣಿತದ ಮೇಷ್ಟ್ರು ಹಲಗೆ ಒರೆಸದೆ ಹೋದರೆ, ಮುಂದಿನ ಪೀರಿಯಡ್‌ಗೆ ಬಂದವರಿಗೆ ಆ ಲೆಕ್ಕಗಳೆಲ್ಲ ಕಾಣುತ್ತವೆ. ಜಿಪಿಯು ಮೆಮೊರಿಯೂ ಹಾಗೆಯೇ. ಒಂದು ಆ್ಯಪ್‌ನ ಕೆಲಸ ಮುಗಿದಾಗ ಆ ಜಾಗ 'ಖಾಲಿ' ಎಂದು ಗುರುತಾಗುತ್ತದೆ, ಅಷ್ಟೇ. ಅಲ್ಲಿದ್ದದ್ದು ತಾನಾಗಿಯೇ ಅಳಿಯುವುದಿಲ್ಲ. ಮತ್ತೊಂದು ಆ್ಯಪ್‌ಗೆ ಕೊಡುವ ಮೊದಲು ಅದನ್ನು ಒರೆಸುವ ಹೊಣೆ ಆಪರೇಟಿಂಗ್ ಸಿಸ್ಟಮ್ ಮತ್ತು ಡ್ರೈವರ್‌ನದು. ವೇಗಕ್ಕಾಗಿಯೋ ವಿನ್ಯಾಸದ ಲೋಪದಿಂದಲೋ ಅದು ತಪ್ಪಿದರೆ ಹಳೆಯ ಮಾಹಿತಿ ಸೋರುತ್ತದೆ.

ಇದು ನಿಜವಾಗಿ ನಡೆದಿದೆಯೇ?

ನಡೆದಿದೆ. 2014ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಕ್ರೋಮಿಯಂ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು ಜಿಪಿಯುವಿನಲ್ಲಿ ಬಿಟ್ಟುಹೋದ ಚಿತ್ರದ ತುಣುಕುಗಳನ್ನು ಪರಿಶೀಲಿಸಿದರು. ಬಳಕೆದಾರರು ಯಾವ ವೆಬ್‌ಪುಟ ನೋಡಿದ್ದರು ಎಂಬುದನ್ನು ಗರಿಷ್ಠ ಶೇ 95.4ರಷ್ಟು ನಿಖರವಾಗಿ ಊಹಿಸಲು ಅವರಿಗೆ ಸಾಧ್ಯವಾಯಿತು.

2016ರ ಜನವರಿಯಲ್ಲಿ ಕೆನಡಾದ ವಿದ್ಯಾರ್ಥಿಯೊಬ್ಬರ ಅನುಭವ ಸುದ್ದಿಯಾಯಿತು. ಅವರು ಮ್ಯಾಕ್ ಕಂಪ್ಯೂಟರ್‌ನಲ್ಲಿ 'ಡಯಾಬ್ಲೊ 3' ಗೇಮ್ ತೆರೆದಾಗ, ಗಂಟೆಗಳ ಹಿಂದೆ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ನೋಡಿ ಮುಚ್ಚಿದ್ದ ಪುಟ ಪರದೆಯ ಮೇಲೆ ಮೂಡಿತ್ತು! ಇದು ಆಪಲ್ ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿ ನಿರ್ವಹಣೆಗೆ ಸಂಬಂಧಿಸಿದ್ದು, ತನ್ನ ಡ್ರೈವರ್‌ನ ದೋಷವಲ್ಲ ಎಂದು ಜಿಪಿಯು ತಯಾರಕ ಎನ್ವಿಡಿಯಾ ಹೇಳಿತು.

ಎಐ ಚಾಟ್‌ಗೂ ಇದಕ್ಕೂ ಏನು ಸಂಬಂಧ?

ಇಂದು ಜಿಪಿಯು ಚಿತ್ರಕ್ಕಷ್ಟೇ ಅಲ್ಲ, ಎಐ ಲೆಕ್ಕಾಚಾರಕ್ಕೂ ಬೇಕು. 2024ರ ಜನವರಿಯಲ್ಲಿ 'ಟ್ರೇಲ್ ಆಫ್ ಬಿಟ್ಸ್' ಎಂಬ ಭದ್ರತಾ ಸಂಸ್ಥೆ 'ಲೆಫ್ಟ್‌ಓವರ್‌ಲೋಕಲ್ಸ್' ಎಂಬ ದೋಷವನ್ನು ಬಹಿರಂಗಪಡಿಸಿತು. ಆಪಲ್, ಎಎಂಡಿ, ಕ್ವಾಲ್ಕಾಮ್ ಮತ್ತು ಇಮ್ಯಾಜಿನೇಶನ್ ಕಂಪನಿಗಳ ಕೆಲವು ಜಿಪಿಯುಗಳಲ್ಲಿ ಈ ದೋಷವಿತ್ತು. ಎಎಂಡಿಯ ಒಂದು ಜಿಪಿಯುವಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಅದೇ ಕಂಪ್ಯೂಟರ್‌ನಲ್ಲಿ ಚಾಲನೆಯಲ್ಲಿದ್ದ ಚಾಟ್‌ಬಾಟ್‌ಗೆ ಕೇಳಿದ ಒಂದೊಂದು ಪ್ರಶ್ನೆಗೂ ಸುಮಾರು 181 ಎಂಬಿ ಮಾಹಿತಿ ಸೋರಿತು. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಮತ್ತೆ ಜೋಡಿಸಲು ಅಷ್ಟು ಸಾಕಾಗಿತ್ತು.

ಹಾಗಾದರೆ ದೂರದಲ್ಲಿ ಕುಳಿತು ಕದಿಯಬಹುದೇ?

ಇಂಥ ದಾಳಿಗೆ ಕಳ್ಳನ ಪ್ರೋಗ್ರಾಂ ನಿಮ್ಮದೇ ಸಾಧನದಲ್ಲಿ, ಅದೇ ಜಿಪಿಯುವನ್ನು ಬಳಸುತ್ತಿರಬೇಕು. ನಿಮ್ಮ ನಂಬರ್ ಗೊತ್ತಿದ್ದ ಮಾತ್ರಕ್ಕೆ ಅಥವಾ ಒಂದು ಮೆಸೇಜ್ ಬಂದ ಮಾತ್ರಕ್ಕೆ ಇದು ಸಾಧ್ಯವಿಲ್ಲ.

ತನಿಖೆಯಲ್ಲಿ ಇದು ಸಾಕ್ಷ್ಯವಾಗುತ್ತದೆಯೇ?

ಕಂಪ್ಯೂಟರ್ ಆಫ್ ಮಾಡಿದರೆ ಜಿಪಿಯು ಮೆಮೊರಿ ಬರಿದಾಗುತ್ತದೆ. ಆದ್ದರಿಂದ ಅದರಲ್ಲಿರುವುದು ಬೇಕಿದ್ದರೆ ಸಾಧನ ಚಾಲನೆಯಲ್ಲಿರುವಾಗಲೇ ಪ್ರತಿ ತೆಗೆದುಕೊಳ್ಳಬೇಕು. ಸಿಕ್ಕ ತುಣುಕಿನಲ್ಲಿ ಬಣ್ಣದ ಚುಕ್ಕೆಗಳಿರುತ್ತವೆಯೇ ಹೊರತು ಯಾರು, ಯಾವಾಗ ನೋಡಿದರು ಎಂಬ ವಿವರ ಇರುವುದಿಲ್ಲ. ಅಂಥ ಒಂದು ತುಣುಕನ್ನಷ್ಟೇ ಹಿಡಿದು ಒಬ್ಬರ ಮೇಲೆ ಆರೋಪ ಹೊರಿಸುವುದು ತಪ್ಪಾಗುತ್ತದೆ.

ನೀವು ಏನು ಮಾಡಬೇಕು?

• ಫೋನ್, ಕಂಪ್ಯೂಟರ್‌ಗಳ ಸಿಸ್ಟಮ್ ಅಪ್‌ಡೇಟ್ ಮುಂದೂಡಬೇಡಿ. ಇಂಥ ದೋಷಗಳಿಗೆ ಪರಿಹಾರ ಬರುವುದು ಆ ದಾರಿಯಲ್ಲೇ.

• ಲಿಂಕ್ ಮೂಲಕ ಬರುವ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ. 'ಮೆಮೊರಿ ಕ್ಲೀನರ್' ಆ್ಯಪ್‌ಗಳು ಡ್ರೈವರ್‌ನ ದೋಷ ಸರಿಪಡಿಸಲಾರವು. ಗುರುತಿಲ್ಲದ ಕ್ಲೀನರ್ ಹಾಕಿಕೊಂಡರೆ ಕಳ್ಳನಿಗೆ ನೀವೇ ಬಾಗಿಲು ತೆರೆದಂತೆ.

• ಸೈಬರ್ ಸೆಂಟರ್ ಅಥವಾ ಬೇರೆಯವರ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ವೈದ್ಯಕೀಯ ದಾಖಲೆಗಳನ್ನು ತೆರೆಯದಿರುವುದೇ ಒಳ್ಳೆಯದು. ತೆರೆಯಲೇಬೇಕಾದರೆ ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿಸಿ.

'ಇನ್‌ಕಾಗ್ನಿಟೋದಲ್ಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ' ಎಂಬ ಸಂದೇಶವಾಗಲಿ, 'ನಿಮ್ಮ ಪರದೆಯನ್ನು ಎಲ್ಲರೂ ನೋಡುತ್ತಿದ್ದಾರೆ' ಎಂಬ ಸಂದೇಶವಾಗಲಿ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಎರಡೂ ಪೂರ್ತಿ ನಿಜವಲ್ಲ.