ಮೋಟಾರಿನ ಕೆಂಪು ದೀಪ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ತಾವೆಲ್ಲರೂ ಕೇಳಿದ್ದೀರಿ. ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಇದರ ಅರ್ಥವನ್ನು ಹೇಳಿಕೊಡುತ್ತ ಬಂದವನು ನಾನು. ಆದರೆ ಆ ಮಾತು ನನ್ನ ಮನಸ್ಸಿಗೆ ನಾಟಿದ್ದು ತರಗತಿಯಲ್ಲಲ್ಲ, ಮಳೆಗಾಲದ ಒಂದು ಸಂಜೆ ಆಗುಂಬೆ ಘಟ್ಟದ ತಿರುವೊಂದರಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಾಯಿಯವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ, ಅವರನ್ನು ಬಾಡಿಗೆಯ ಕಾರಿನಲ್ಲಿ ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೆವು. ಕಾರು ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ತೀರ್ಥಹಳ್ಳಿ ದಾಟಿದ ಮೇಲೆ ಅವನ ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡಿತು. ಅದರ ಮೇಲೆ ಬ್ಯಾಟರಿಯ ಚಿತ್ರ. "ಏನಯ್ಯಾ ಇದು?" ಎಂದೆ. "ಏನಿಲ್ಲ ಸಾರ್, ಹೋದ ವಾರ ಸ್ಟಾರ್ಟ್ ಆಗಲಿಲ್ಲ ಅಂತ ಅಂಗಡಿಯವರು ಹೊಸ ಬ್ಯಾಟರೀನೇ ಹಾಕಿದ್ದಾರೆ. ದೀಪದ್ದೇ ಏನೋ ದೋಷ" ಎಂದ. ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಕೆಲವನ್ನು ಇಳಿಯುವಷ್ಟರಲ್ಲಿ ಮಳೆ ಒರೆಸುವ ಕಡ್ಡಿಗಳು ನಿಧಾನವಾದವು, ಮುಂದಿನ ದೀಪಗಳು ಕಂದಿದವು, ಕಾರು ಒಮ್ಮೆ ಮುಗ್ಗರಿಸಿ ನಿಂತೇಬಿಟ್ಟಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಕೈಯಲ್ಲಿ ಟಾರ್ಚು ಹಿಡಿದು, ಹಿಂದಿನಿಂದ ಬರುವ ವಾಹನಗಳಿಗೆ ಬೆಳಕು ತೋರಿಸುತ್ತ ಒಂದೂವರೆ ಗಂಟೆ ನಿಂತೆವು. ಕೊನೆಗೆ ಪುಣ್ಯಾತ್ಮರೊಬ್ಬರ ಜೀಪು ತಾಯಿಯವರನ್ನು ಹತ್ತಿಸಿಕೊಂಡಿತು. ಆ ಕಾಯುವಿಕೆಯಲ್ಲಿ ಅವರು ಆಡಿದ್ದು ಒಂದೇ ಮಾತು: "ದೀಪ ಉರೀತಿತ್ತಲ್ಲ ಮಗಾ, ಯಾರೂ ನೋಡಲಿಲ್ವೇ?"

ನೋಡಿದ್ದೆವು, ಓದಲು ಬಂದಿರಲಿಲ್ಲ. ಮರುದಿನ ತಿಳಿದದ್ದೇನೆಂದರೆ, ಬ್ಯಾಟರಿಗೆ ಯಾವ ರೋಗವೂ ಇರಲಿಲ್ಲ. ಅದಕ್ಕೆ ವಿದ್ಯುತ್ತನ್ನು ತುಂಬಿಸಬೇಕಾದ ಆಲ್ಟರ್ನೇಟರಿನ ಹಿಂಬದಿಯಲ್ಲಿ ರೆಗ್ಯುಲೇಟರ್ ಎಂಬ ಪುಟ್ಟ ಅಂಗ ಕೆಟ್ಟಿತ್ತು. ಜ್ವರ ಎತ್ತಿಗೆ, ಬರೆ ಬಿದ್ದದ್ದು ಎಮ್ಮೆಗೆ. ಈ ತಪ್ಪು ತಿಳಿವಳಿಕೆ ಹೇಗೆ ಹುಟ್ಟಿತೆಂದು ಹುಡುಕುತ್ತ ಹೋದವನಿಗೆ ಒಂದು ಸ್ವಾರಸ್ಯವಾದ ಚರಿತ್ರೆಯೇ ಸಿಕ್ಕಿತು. ಅದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹೆಸರಿನ ವಿಚಾರ. ಬ್ಯಾಟರಿ ಎಂಬುದು ಮೂಲತಃ ಯುದ್ಧರಂಗದ ಮಾತು. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಆ ಹೆಸರು. ವಿದ್ಯುತ್ತನ್ನು ಹಿಡಿದಿಡುವ ಗಾಜಿನ ಸಾಧನಗಳನ್ನು ಸಾಲಾಗಿ ಜೋಡಿಸಿದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ಅದೇ ಮಾತನ್ನು ಅವುಗಳಿಗೆ ಬಳಸಿದನು. 1800ರಲ್ಲಿ ಇಟಲಿಯ ವೋಲ್ಟಾ ಎಡೆಬಿಡದೆ ವಿದ್ಯುತ್ತನ್ನು ಹರಿಸುವ ಸಾಧನವನ್ನು ಪ್ರಕಟಪಡಿಸಿದನು. ಆದರೆ ಅದು ತೀರಿದ ಮೇಲೆ ತೀರಿತು. ತೀರಿದ ಮೇಲೆ ಮತ್ತೆ ತುಂಬಿಸಬಹುದಾದ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಮಾಡಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ, 1859ರಲ್ಲಿ. ಇಂದಿಗೂ ಹೆಚ್ಚಿನ ಕಾರುಗಳಲ್ಲಿ ಕುಳಿತಿರುವುದು ಅದರ ಸಂತತಿಯೇ. ಇನ್ನೊಂದು ಕಡೆ, ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದ್ದನು. ಅದರಿಂದ ಡೈನಮೋ ಬಂದಿತು. ಹೀಗೆ ಒಂದು ಕೂಡಿಡುವ ಸಾಧನ, ಇನ್ನೊಂದು ಹುಟ್ಟಿಸುವ ಸಾಧನ. ಬ್ಯಾಟರಿ ಮನೆಯ ಕಣಜವಾದರೆ ಡೈನಮೋ ಬೆಳೆ ಕೊಡುವ ಗದ್ದೆ.

ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ತಮಗೆ ಈ ಭೇದವನ್ನು ಬಹಳ ವಿವರಿಸಬೇಕಾಗಿಲ್ಲ. ಊರಿಗೆ ವಿದ್ಯುತ್ತು ಬರುವುದಕ್ಕೆ ಮೊದಲು ಬ್ಯಾಟರಿಯಿಂದ ನಡೆಯುವ ವಾಲ್ವ್ ರೇಡಿಯೋಗಳಿದ್ದವು. ಅದು ಇಳಿದಾಗ ಪೇಟೆಗೆ ಹೊತ್ತು ಚಾರ್ಜ್ ಮಾಡಿಸಿ ತರಬೇಕಾಗಿತ್ತೆಂದು ಹಿರಿಯರು ಹೇಳುತ್ತಾರೆ. ಅಲ್ಲಿ ಕಣಜ ಮನೆಯಲ್ಲಿ, ಗದ್ದೆ ಪೇಟೆಯಲ್ಲಿ. ಮೋಟಾರಿನಲ್ಲಾದರೋ ಎರಡೂ ಒಂದೇ ಬಾನೆಟ್ಟಿನ ಕೆಳಗೆ ಇವೆ. ಈ ಸೌಕರ್ಯವೇ ನಮ್ಮ ಗೊಂದಲಕ್ಕೂ ಕಾರಣವಾಯಿತು.

ಮೊದಮೊದಲ ಮೋಟಾರುಗಳಲ್ಲಿ ದೀಪಗಳು ಉರಿಯುತ್ತಿದ್ದುದು ಕಾರ್ಬೈಡಿನ ಗ್ಯಾಸಿನಿಂದ. ಎಂಜಿನ್ನನ್ನು ಎಬ್ಬಿಸುತ್ತಿದ್ದುದು ಮುಂಭಾಗಕ್ಕೆ ಹ್ಯಾಂಡಲ್ ಕೊಟ್ಟು ತಿರುಗಿಸುವ ತೋಳಿನ ಬಲದಿಂದ. ಎಂಜಿನ್ನು ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಈ ಕಷ್ಟವನ್ನು ನೀಗಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ಹಣದ ಲೆಕ್ಕದ ಯಂತ್ರಕ್ಕೆ ಹಿಂದೆ ಸಣ್ಣ ವಿದ್ಯುತ್ ಮೋಟಾರನ್ನು ಅಳವಡಿಸಿದ್ದ ಅವನಿಗೆ, ಸಣ್ಣ ಮೋಟಾರಾದರೂ ಕ್ಷಣಕಾಲ ದೊಡ್ಡ ಕೆಲಸ ಮಾಡಬಲ್ಲದೆಂಬುದು ಅನುಭವದಿಂದ ತಿಳಿದಿತ್ತು. ಅವನ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತು. ಎಂಜಿನ್ನನ್ನು ಎಬ್ಬಿಸಿದ ಯಂತ್ರವೇ, ಎಂಜಿನ್ನು ಓಡತೊಡಗಿದ ಮೇಲೆ ಡೈನಮೋ ಆಗಿ, ಬ್ಯಾಟರಿಯಿಂದ ತೆಗೆದುಕೊಂಡ ಸಾಲವನ್ನು ಹಿಂದಿರುಗಿಸುತ್ತಿತ್ತು. ಅಂದಿನಿಂದ ಧರ್ಮ ಒಂದೇ: ಕಾರನ್ನು ಎಬ್ಬಿಸುವುದು ಬ್ಯಾಟರಿ, ಓಡುವಾಗ ವಿದ್ಯುತ್ತನ್ನು ಒದಗಿಸುವುದು ಡೈನಮೋ.

ಸಾಲ ತೀರುತ್ತಿದೆಯೇ ಇಲ್ಲವೇ ಎಂದು ಚಾಲಕನಿಗೆ ತಿಳಿಯುವುದು ಹೇಗೆ? ಅದಕ್ಕೆ ಅಮ್ಮೀಟರ್ ಎಂಬ ಮುಳ್ಳಿನ ಗಡಿಯಾರವಿತ್ತು. ಮುಳ್ಳು ಒಂದು ಕಡೆ ವಾಲಿದರೆ ಬ್ಯಾಟರಿಗೆ ಜಮೆ, ಇನ್ನೊಂದು ಕಡೆ ವಾಲಿದರೆ ಖರ್ಚು. ಓದಬಲ್ಲವನಿಗೆ ಅದು ದಿನವಹಿ ಲೆಕ್ಕದ ಪುಸ್ತಕ. ಆದರೆ ಎಲ್ಲರೂ ಲೆಕ್ಕ ನೋಡುವವರಲ್ಲವಷ್ಟೆ! 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಾರುಗಳು ಮುಳ್ಳಿನ ಬದಲು ದೀಪವನ್ನು ತಂದವು. ಕ್ರಮೇಣ ಉಳಿದವರೂ ಅದನ್ನೇ ಅನುಸರಿಸಿದರು. ಲೆಕ್ಕದ ಪುಸ್ತಕ ಹೋಗಿ ಒಂದೇ ಕೂಗು ಉಳಿಯಿತು.

ಈ ದೀಪದ ಯುಕ್ತಿಯನ್ನು ಗಮನಿಸಿರಿ. ಅದನ್ನು ತಕ್ಕಡಿಯ ಮುಳ್ಳೆಂದು ಭಾವಿಸಿರಿ. ಒಂದು ತಟ್ಟೆಯಲ್ಲಿ ಬ್ಯಾಟರಿಯ ಒತ್ತಡ, ಇನ್ನೊಂದರಲ್ಲಿ ಡೈನಮೋವಿನ ಒತ್ತಡ. ಕೀಲಿ ತಿರುಗಿಸಿ ಎಂಜಿನ್ನು ಇನ್ನೂ ಓಡದಿರುವಾಗ ಡೈನಮೋವಿನ ತಟ್ಟೆ ಬರಿದು. ಬ್ಯಾಟರಿಯ ವಿದ್ಯುತ್ತು ದೀಪದ ಮೂಲಕ ಹರಿಯುತ್ತದೆ, ದೀಪ ಉರಿಯುತ್ತದೆ. ಎಂಜಿನ್ನು ಓಡಿ ಎರಡು ತಟ್ಟೆಗಳೂ ಸಮನಾದಾಗ ಹರಿವು ನಿಲ್ಲುತ್ತದೆ, ದೀಪ ಆರುತ್ತದೆ. ಆದುದರಿಂದ ಓಡುವ ಕಾರಿನಲ್ಲಿ ಆ ದೀಪ ಹತ್ತಿದರೆ, ಗದ್ದೆಯಿಂದ ಬೆಳೆ ಬರುತ್ತಿಲ್ಲ, ಕಣಜ ಕರಗುತ್ತಿದೆ ಎಂದು ಅರ್ಥ. ಇಂಗ್ಲಿಷ್ ಕಾರುಗಳ ಕಾಲದಲ್ಲಿ ಅದನ್ನು ಇಗ್ನಿಷನ್ ದೀಪವೆಂದು ಕರೆಯುತ್ತಿದ್ದರು. ಮುಂದೆ ಅದರ ಮೇಲೆ ಬ್ಯಾಟರಿಯ ಚಿತ್ರ ಬಂದು ರೂಢಿಯಾಯಿತು. ಚಿತ್ರ ಕಣಜದ್ದು, ಸುದ್ದಿ ಗದ್ದೆಯದು. ನಮ್ಮ ಚಾಲಕನೂ ಅಂಗಡಿಯವರೂ ಎಡವಿದ್ದು ಇಲ್ಲಿಯೇ.

ಹಳೆಯ ಡೈನಮೋವಿಗೆ ಒಂದು ದೌರ್ಬಲ್ಯವಿತ್ತು. ಎಂಜಿನ್ನು ಮೆಲ್ಲಗೆ ಓಡುವಾಗ ಅದು ಸಾಕಷ್ಟು ವಿದ್ಯುತ್ತು ಕೊಡುತ್ತಿರಲಿಲ್ಲ. ಡೈನಮೋ ಇದ್ದ ಹಳೆಯ ಅಂಬಾಸಿಡರುಗಳಲ್ಲಿ ಕಾರು ನಿಂತಾಗ ದೀಪ ಮಿಣಮಿಣವೆಂದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ತನ್ನ ವ್ಯಾಲಿಯಂಟ್ ಕಾರಿಗೆ ಡೈನಮೋ ಬಿಟ್ಟು ಆಲ್ಟರ್ನೇಟರನ್ನು ಜೋಡಿಸಿತು. ಸಿಲಿಕಾನಿನ ಡಯೋಡುಗಳು ಇದನ್ನು ಸಾಧ್ಯವಾಗಿಸಿದ್ದವು. ಇದು ಮೆಲ್ಲನೆಯ ಓಟದಲ್ಲಿಯೂ ಬೇಕಾದಷ್ಟು ಕೊಡುತ್ತದೆ. ಈಗಿನ ಕಾರಿನಲ್ಲಿ ದೀಪ ಮಿಣುಕಿದರೆ ಉದಾಸೀನ ಸಲ್ಲದು.

ಹಳೆಯ ಕಾಲದ ಇನ್ನೊಂದು ಅಭ್ಯಾಸವೂ ಉಳಿದುಕೊಂಡಿದೆ. ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು, ಕಾರು ನಿಲ್ಲುವುದೇ ನೋಡುವ ಪರೀಕ್ಷೆ. ಡೈನಮೋವಿನ ಕಾಲದಲ್ಲಿ ಅದು ಹೇಗೋ ನಡೆಯಿತು. ಆಲ್ಟರ್ನೇಟರಿನ ಡಯೋಡುಗಳನ್ನೂ ಕಾರಿನ ಇತರ ಸೂಕ್ಷ್ಮ ಅಂಗಗಳನ್ನೂ ಅದು ಸುಡಬಹುದು. ಯಾರಾದರೂ ಹಾಗೆ ಮಾಡಹೊರಟರೆ ತಡೆಯಿರಿ. ವೋಲ್ಟ್ ಮೀಟರ್ ಇಟ್ಟು ನೋಡುವುದೇ ಕ್ಷೇಮ. ಒಳ್ಳೆಯ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ನು ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ತೋರಬೇಕು. ಓಡುವಾಗಲೂ ಅಳತೆ ಏರದೆ ಇಳಿಯುತ್ತಲೇ ಹೋದರೆ ಸಂಶಯ ಆಲ್ಟರ್ನೇಟರಿನ ಕಡೆಗೆ.

ಇಷ್ಟು ಚರಿತ್ರೆ ತಿಳಿದ ಮೇಲೆ ಲಕ್ಷಣಗಳನ್ನು ತಾವೇ ಓದಬಹುದು. ಕೀಲಿ ತಿರುಗಿಸಿದಾಗ ದೀಪ ಹತ್ತಬೇಕು, ಎಂಜಿನ್ನು ಓಡಿದಾಗ ಆರಬೇಕು. ಮೊದಲೇ ಹತ್ತದಿದ್ದರೆ ಅದೂ ದೋಷವೇ. ಬಲ್ಬು ಹೋಗಿರಬಹುದು, ಒಳಗಿನ ಇದ್ದಿಲಿನ ಬ್ರಷ್ಷು ಸವೆದಿರಬಹುದು. ಇನ್ನೊಂದು ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಿದ ಕಾರು ತಂತಿ ತೆಗೆದ ಸ್ವಲ್ಪ ಹೊತ್ತಿನಲ್ಲಿ ಮತ್ತೆ ನಿಂತರೆ, ಬ್ಯಾಟರಿ ಕೊಳ್ಳುವ ಮೊದಲು ಆಲ್ಟರ್ನೇಟರನ್ನು ನೋಡಿಸಿರಿ. ದೀಪದ ಸೂಚನೆಯೇ ಇಲ್ಲದೆ ಎಲ್ಲವೂ ಒಮ್ಮೆಗೇ ಸತ್ತಂತಾದರೆ, ಬ್ಯಾಟರಿಯ ಟರ್ಮಿನಲ್ಲುಗಳು ಸಡಿಲವಾಗಿವೆಯೇ, ಬಿಳಿ ಹಸಿರು ಕಿಲುಬು ಹಿಡಿದಿದೆಯೇ, ಕಾರಿನ ಮೈಗೆ ಜೋಡಿಸಿದ ಅರ್ತ್ ತಂತಿ ಬಿಗಿಯಾಗಿದೆಯೇ ಎಂದು ಮೊದಲು ನೋಡಿಸಿರಿ.

ದಾರಿಯಲ್ಲಿ ದೀಪ ಹತ್ತಿದರೆ ಶಾಖದ ಮುಳ್ಳನ್ನು ನೋಡಿರಿ. ಅದೂ ಏರುತ್ತಿದ್ದರೆ ಬೆಲ್ಟು ಹರಿದು ನೀರಿನ ಪಂಪೂ ನಿಂತಿರಬಹುದು. ತಕ್ಷಣ ಬದಿಗೆ ನಿಲ್ಲಿಸಿರಿ. ಶಾಖ ಸರಿಯಾಗಿದ್ದರೆ ಎಂಜಿನ್ನನ್ನು ಆರಿಸಬೇಡಿರಿ, ಮತ್ತೆ ಎಬ್ಬಿಸಲು ಕಣಜದಲ್ಲಿ ಕಾಳಿಲ್ಲದಿರಬಹುದು. ಏಸಿ, ರೇಡಿಯೋ ಮುಂತಾದುವನ್ನು ನಿಲ್ಲಿಸಿ, ಜನವಸತಿಯಿರುವ ಹತ್ತಿರದ ಜಾಗವನ್ನು ಸೇರಿರಿ. ಸ್ಟಿಯರಿಂಗ್ ಹಠಾತ್ತಾಗಿ ಬಿಗಿಯಾಗಬಹುದೆಂಬ ಎಚ್ಚರವಿರಲಿ. ಘಟ್ಟವನ್ನಂತೂ ಇಳಿಯಬೇಡಿರಿ.

ನಮ್ಮ ತಾಯಿಯವರು ಗುಣವಾಗಿ ಮನೆಗೆ ಬಂದರು. ಆ ಹುಡುಗ ಈಗಲೂ ಕಾರು ನಡೆಸುತ್ತಾನೆ. ಕೀಲಿ ತಿರುಗಿಸಿದಾಗಲೆಲ್ಲ ದೀಪ ಹತ್ತಿ ಆರುವವರೆಗೆ ಕಾಯುತ್ತಾನೆ. ಮುಂದೆ ಎಂದಾದರೂ ಕಾರು ಹತ್ತಿದಾಗ ತಾವೂ ಆ ದೀಪದ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ.